ಮೂರನೆಯ ವಾರಕ್ಕೂ ಹಣ ಎತ್ತಿಡಿ: ಒತ್ತಡ ನಿರ್ವಹಣೆಯ ತರಗತಿಗಳನ್ನು ಯೋಜಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವಯಸ್ಕರಿಗಾಗಿ ಸಮುದಾಯ ಶಿಕ್ಷಣ ಕಾರ್ಯಕ್ರಮಗಳನ್ನು ರೂಪಿಸುವವರು, ಅವುಗಳಿಗೆ ಹಣ ಮಂಜೂರು ಮಾಡುವವರು ಮತ್ತು ವರ್ಷದ ಕೊನೆಯಲ್ಲಿ ಅವುಗಳ ವರದಿಗೆ ಸಹಿ ಹಾಕುವವರು, ಈ ಎಲ್ಲ ಹೊಣೆಗಾರರನ್ನು ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಮನೋವೈದ್ಯಳಲ್ಲ, ಮನೋವಿಜ್ಞಾನದಲ್ಲಿ ಪದವಿ ಪಡೆದವಳೂ ಅಲ್ಲ. ಒತ್ತಡ ನಿರ್ವಹಣೆಯ ತರಗತಿಯೊಂದಕ್ಕೆ ಕಲಿಯಲೆಂದು ಸೇರಿ, ಕಲಿತಾದ ಮೇಲೂ ಅಲ್ಲೇ ಉಳಿದು, ಕುರ್ಚಿ ಜೋಡಿಸುವುದರಿಂದ ಹಿಡಿದು ಹೊಸಬರಿಗೆ ಅಭ್ಯಾಸ ಮಾಡಿಸುವವರೆಗಿನ ಕೆಲಸಗಳಲ್ಲಿ ಕೈಜೋಡಿಸುತ್ತ ಬಂದ ಸಹಾಯಕಿ. ನನ್ನ ಮನವಿ ಒಂದೇ: ಒತ್ತಡವನ್ನು ನಿಭಾಯಿಸುವುದನ್ನು ದಯವಿಟ್ಟು ಒಂದು ಮಧ್ಯಾಹ್ನದ ಉಪನ್ಯಾಸದಲ್ಲಿ ಮುಗಿಸಬೇಡಿ. ಅದು ವಾರಗಟ್ಟಲೆ ಅಭ್ಯಾಸ ಬೇಡುವ ಕೌಶಲ. ಹಣ, ಕೊಠಡಿ, ಬೋಧಕರು, ಮೌಲ್ಯಮಾಪನ ಎಲ್ಲವನ್ನೂ ಆ ಲೆಕ್ಕದಲ್ಲೇ ಹೊಂದಿಸಬೇಕಾಗುತ್ತದೆ.

ನಾನು ಮೊದಲು ಹೋದದ್ದು ಅಂಥದೇ ಒಂದು ಉಪನ್ಯಾಸಕ್ಕೆ. ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುತ್ತ, ಜೊತೆಗೆ ಪೂರ್ಣಾವಧಿಯ ಕೆಲಸವನ್ನೂ ತೂಗಿಸುತ್ತಿದ್ದ ಕಾಲ ಅದು. ಎರಡು ಗಂಟೆಯಲ್ಲಿ ನಲವತ್ತಕ್ಕೂ ಹೆಚ್ಚು ಸ್ಲೈಡುಗಳು ಕಣ್ಣಮುಂದೆ ಬಂದು ಹೋದವು, ಕೊನೆಗೆ ಹದಿನೈದು ಸೂಚನೆಗಳಿದ್ದ ಒಂದು ಹಾಳೆ ಕೈಗೆ ಬಂತು: ಚೆನ್ನಾಗಿ ನಿದ್ದೆ ಮಾಡಿ, ಸಮಯವನ್ನು ಸರಿಯಾಗಿ ಹೊಂದಿಸಿಕೊಳ್ಳಿ, ಸಕಾರಾತ್ಮಕವಾಗಿ ಯೋಚಿಸಿ, ಹೀಗೆ. ಅಂದು ರಾತ್ರಿ ಎರಡು ಗಂಟೆಗೆ ಎದೆ ಡವಗುಟ್ಟಿ ಎಚ್ಚರವಾದಾಗ ಆ ಹಾಳೆ ಮೇಜಿನ ಮೇಲೆಯೇ ಇತ್ತು. ಚೆನ್ನಾಗಿ ನಿದ್ದೆ ಮಾಡಬೇಕೆಂಬುದು ನನಗೆ ಮೊದಲೇ ಗೊತ್ತಿದ್ದ ಸಂಗತಿ. ಆ ಹೊತ್ತಿನಲ್ಲಿ, ಆ ಎದೆಬಡಿತದ ನಡುವೆ, ಮುಂದಿನ ಐದು ನಿಮಿಷ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಮಾಡಿಸಿ ತೋರಿಸಿರಲಿಲ್ಲ. ಹೊರಡುವ ಮುಂಚೆ ಫೀಡ್‌ಬ್ಯಾಕ್ ಫಾರಂನಲ್ಲಿ ‘ಬಹಳ ಉಪಯುಕ್ತ’ ಎಂಬ ಚೌಕಕ್ಕೆ ನಾನೇ ಗುರುತು ಹಾಕಿ ಬಂದಿದ್ದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಸಂಕೋಚದಿಂದ ಹಾಕಿದ ಅಂಥ ಗುರುತುಗಳನ್ನು ಕೂಡಿಸಿಯೇ ತಮ್ಮ ಮೇಜಿಗೆ ಬರುವ ವರದಿಗಳು ತಯಾರಾಗುತ್ತವೆ.

ಒತ್ತಡವೆಂಬುದು ಬರೀ ಆಲೋಚನೆಯ ದೋಷವಾಗಿದ್ದರೆ ಉಪನ್ಯಾಸವೇ ಸಾಕಾಗುತ್ತಿತ್ತೇನೋ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ತೋರಿಸಿಕೊಟ್ಟಂತೆ, ಅಪಾಯ ಎದುರಾದಾಗ ದೇಹ ಕಾದಾಡಲು ಇಲ್ಲವೇ ಓಡಿಹೋಗಲು ಸಜ್ಜಾಗುತ್ತದೆ: ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿ ಪ್ರಕಟಿಸಿದ ಪುಟ್ಟ ಟಿಪ್ಪಣಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಚಳಿ, ಗಾಯ, ವಿಷ, ಅತಿಯಾದ ದಣಿವು, ಪೆಟ್ಟು ಯಾವುದೇ ಇರಲಿ, ದೇಹ ಮೊದಲು ಎಚ್ಚೆತ್ತು, ಆಮೇಲೆ ತಡೆದುಕೊಂಡು, ಪೆಟ್ಟು ನಿಲ್ಲದೇ ಹೋದರೆ ಕೊನೆಗೆ ಸೋತು ಕುಸಿಯುತ್ತದೆ ಎಂಬ ಮೂರು ಹಂತಗಳ ಚಿತ್ರ ಅಲ್ಲಿಂದ ಬೆಳೆದು ಬಂದದ್ದು. ಕಾಡುಪ್ರಾಣಿ ಅಟ್ಟಿಸಿಕೊಂಡು ಬಂದರೆ ಈ ಸಿದ್ಧತೆ ಕೆಲವು ನಿಮಿಷಗಳಲ್ಲಿ ಬಳಕೆಯಾಗಿ ಇಳಿದುಹೋಗುತ್ತದೆ. ಸಾಲದ ಕಂತು, ಮೇಲಧಿಕಾರಿಯ ಕರೆ, ವಾಸಿಯಾಗದ ಕಾಯಿಲೆ ಮನೆಯೊಳಗಿದ್ದರೆ ಅದು ಇಳಿಯಲು ಎಡೆಯೇ ಸಿಗುವುದಿಲ್ಲ. ಕಾರ್ಟಿಸಾಲ್ ಎಂಬ ಹಾರ್ಮೋನಿನ ಮಟ್ಟ ಏರಿಕೊಂಡೇ ಇದ್ದರೆ ನಿದ್ದೆ, ರಕ್ತದೊತ್ತಡ, ರೋಗನಿರೋಧಕ ಶಕ್ತಿ ಒಂದೊಂದಾಗಿ ಏರುಪೇರಾಗುತ್ತವೆ.

ಈ ಮಟ್ಟದ ವಿವರಣೆಯನ್ನು ಉಪನ್ಯಾಸದಲ್ಲಿ ಹೇಳುವುದು ಸರಿಯೇ. ತನ್ನ ಎದೆ ಹೊಡೆದುಕೊಳ್ಳುತ್ತಿರುವುದು ಹುಚ್ಚಿನ ಲಕ್ಷಣವಲ್ಲ, ದೇಹ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಿದೆ ಎಂದು ತಿಳಿದಾಗ ಎಷ್ಟೋ ಜನರಿಗೆ ಅರ್ಧ ಹೆದರಿಕೆ ಇಳಿದದ್ದನ್ನು ಕಂಡಿದ್ದೇನೆ. ಆದರೆ ಬಿಗಿದುಕೊಂಡಿರುವ ದೇಹಕ್ಕೆ ಬಿಗಿತ ಬಿಡುವುದನ್ನು ಕಲಿಸುವುದು ಬೇರೆಯೇ ಕೆಲಸ. ಅದು ಮಾತಿನಿಂದ ಆಗುವುದಿಲ್ಲ.

ಚಿಕಾಗೋದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1920ರ ದಶಕದಲ್ಲಿ ರೂಪಿಸಿದ ಸ್ನಾಯು ಸಡಿಲಿಕೆಯ ಅಭ್ಯಾಸವನ್ನೇ ತೆಗೆದುಕೊಳ್ಳಿ. ಒಂದೊಂದೇ ಸ್ನಾಯುಗುಂಪನ್ನು ಕೆಲವು ಸೆಕೆಂಡು ಬಿಗಿಹಿಡಿದು ಬಿಟ್ಟು, ಬಿಗಿತಕ್ಕೂ ಸಡಿಲಿಕೆಗೂ ಇರುವ ವ್ಯತ್ಯಾಸವನ್ನು ಗಮನಿಸುವುದಷ್ಟೇ ಅದರ ಸಾರ. ಜೇಕಬ್‌ಸನ್ ಕಲಿಸುತ್ತಿದ್ದ ಮೂಲ ಕ್ರಮ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. 1973ರಲ್ಲಿ ಬರ್ನ್‌ಸ್ಟೈನ್ ಮತ್ತು ಬೋರ್ಕೊವೆಕ್ ಎಂಬಿಬ್ಬರು ಮನೋವಿಜ್ಞಾನಿಗಳು ಅದನ್ನು 16 ಸ್ನಾಯುಗುಂಪುಗಳಿಗೆ ಇಳಿಸಿ, ಅಭ್ಯಾಸವಾದಂತೆ 7ಕ್ಕೂ ಆಮೇಲೆ 4ಕ್ಕೂ ಕುಗ್ಗಿಸಬಹುದಾದ ಪಾಠವಾಗಿ ಮಾಡಿದರು. ಕಾಗದದ ಮೇಲೆ ಓದಿದರೆ ಮಕ್ಕಳಾಟದಂತೆ ಕಾಣುತ್ತದೆ. ಮೊದಲ ವಾರದ ತರಗತಿಯಲ್ಲಿ ನಿಂತು ನೋಡಿ. ‘ಮುಷ್ಟಿ ಬಿಗಿಹಿಡಿಯಿರಿ’ ಎಂದ ಕೂಡಲೇ ಅರ್ಧ ಜನ ಮುಷ್ಟಿಯ ಜೊತೆಗೆ ಉಸಿರನ್ನೂ ಹಿಡಿದುಬಿಡುತ್ತಾರೆ. ದವಡೆ ಬಿಗಿಯುತ್ತದೆ, ಹುಬ್ಬು ಗಂಟಿಕ್ಕುತ್ತದೆ. ‘ಈಗ ಬಿಡಿ’ ಎಂದಾಗ ಬೆರಳುಗಳು ಬಿಚ್ಚುತ್ತವೆ, ಹೆಗಲುಗಳು ಮಾತ್ರ ಕಿವಿಯ ಹತ್ತಿರವೇ ನಿಂತಿರುತ್ತವೆ. ಹೆಗಲು ಮೇಲೆದ್ದಿದೆ ಎಂದು ಹೇಳಿದರೆ ‘ಇಲ್ಲವಲ್ಲ, ನಾನು ಆರಾಮಾಗಿಯೇ ಕೂತಿದ್ದೇನೆ’ ಎನ್ನುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ. ವರ್ಷಗಟ್ಟಲೆ ಬಿಗಿದುಕೊಂಡೇ ಇದ್ದ ಹೆಗಲಿಗೆ ಅದೇ ಆರಾಮು.

ರಾತ್ರಿ ಪಾಳಿಯಲ್ಲಿ ಕಾವಲು ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯರು ನಾಲ್ಕನೆಯ ವಾರ ತರಗತಿಗೆ ಬಂದು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ‘ಫೋನು ಬಡಿದುಕೊಂಡರೆ ಸಾಕು, ನಾನು ಹಲ್ಲು ಕಚ್ಚಿಕೊಳ್ಳುತ್ತೇನೆ, ಇಷ್ಟು ವರ್ಷ ಅದು ನನಗೇ ಗೊತ್ತಿರಲಿಲ್ಲ’ ಎಂದರು. ಮೂರು ವಾರ ದಿನಕ್ಕೆ ಹತ್ತು ನಿಮಿಷ ಬಿಗಿದು ಬಿಟ್ಟು ಮಾಡಿದ್ದರಿಂದ ಅವರಿಗೆ ಆ ಬಿಗಿತ ಮೊದಲ ಬಾರಿಗೆ ಗೋಚರವಾಗಿತ್ತು. ಗೋಚರವಾದ ಮೇಲೆ ಅದನ್ನು ಬಿಡುವುದು ಸಾಧ್ಯ. ಯಾವ ಸ್ಲೈಡೂ ಅವರ ದವಡೆಯನ್ನು ಅವರಿಗೆ ತೋರಿಸಿಕೊಡಲಾರದು.

ದೇಹದ ಪಾಠವಾದ ಮೇಲೆ ಸಮಸ್ಯೆಯ ಪಾಠವಿದೆ. ಮನೋವಿಜ್ಞಾನಿಗಳಾದ ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಮಂಡಿಸಿದ ವಿಚಾರ ಇಂದಿಗೂ ಇಂಥ ತರಗತಿಗಳ ಬೆನ್ನೆಲುಬು: ಎದುರಾದ ಸಂಗತಿ ಎಷ್ಟು ದೊಡ್ಡದು ಎಂಬುದರ ಜೊತೆಗೆ ಅದನ್ನು ತಾಳುವ ಶಕ್ತಿ ನನ್ನಲ್ಲಿ ಎಷ್ಟಿದೆ ಎಂದು ನಾನು ಅಳೆದುಕೊಳ್ಳುವ ಬಗೆಯೂ ಸೇರಿಯೇ ಒತ್ತಡ ಹುಟ್ಟುತ್ತದೆ. ನಿಭಾಯಿಸುವುದರಲ್ಲೂ ಎರಡು ದಾರಿಗಳನ್ನು ಅವರು ಗುರುತಿಸಿದರು. ಬದಲಿಸಬಹುದಾದ್ದನ್ನು ಬದಲಿಸಲು ಹೊರಡುವುದು ಒಂದು. ಬದಲಿಸಲಾಗದ್ದರಿಂದ ಏಳುವ ಸಂಕಟವನ್ನು ಸಂಭಾಳಿಸುವುದು ಇನ್ನೊಂದು. ಬಳಲಿದ ಮನುಷ್ಯ ಸಾಮಾನ್ಯವಾಗಿ ಇವೆರಡನ್ನೂ ಅದಲುಬದಲು ಮಾಡಿಕೊಂಡಿರುತ್ತಾನೆ. ಬದಲಾಗದ ಸಂಗತಿಯೊಡನೆ ಗುದ್ದಾಡುತ್ತ, ಬದಲಿಸಬಹುದಾದದ್ದನ್ನು ‘ಇದು ನನ್ನ ಹಣೆಬರಹ’ ಎಂದು ಬಿಟ್ಟುಕೊಟ್ಟಿರುತ್ತಾನೆ.

ನಮ್ಮ ತರಗತಿಯಲ್ಲಿ ಇದಕ್ಕೆ ಒಂದು ಹಾಳೆ ಕೊಟ್ಟು, ನಡುವೆ ಗೆರೆ ಎಳೆಸುತ್ತೇವೆ. ಎಡಕ್ಕೆ ನನ್ನ ಕೈಯಲ್ಲಿರುವುದು, ಬಲಕ್ಕೆ ನನ್ನ ಕೈಯಲ್ಲಿಲ್ಲದ್ದು. ಮರೆವಿನ ಕಾಯಿಲೆಯಿದ್ದ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯೊಬ್ಬರು ಹನ್ನೊಂದು ಸಂಗತಿ ಬರೆದರು, ಹನ್ನೊಂದೂ ಬಲಗಡೆ. ತಾಯಿಯ ಕಾಯಿಲೆ, ತಮ್ಮಂದಿರ ಉದಾಸೀನ, ರಾತ್ರಿಯ ಎಚ್ಚರ, ಬೆನ್ನುನೋವು, ಎಲ್ಲವೂ ಒಂದೇ ರಾಶಿ. ಪಕ್ಕದಲ್ಲಿ ಕೂತಿದ್ದವರು, ಅವರೂ ಅಂಥದೇ ಕಷ್ಟದಲ್ಲಿದ್ದವರು, ‘ತಮ್ಮಂದಿರು ನೋಡಿಕೊಳ್ಳುವುದಿಲ್ಲ ಎನ್ನುತ್ತೀರಿ. ಭಾನುವಾರ ಮಧ್ಯಾಹ್ನ ಮೂರು ಗಂಟೆ ಮಾತ್ರ ಬಂದು ಕೂತಿರು ಅಂತ ಹೆಸರು ಹಿಡಿದು ಯಾರಿಗಾದರೂ ಕೇಳಿದ್ದೀರಾ?’ ಎಂದರು. ಕೇಳಿರಲಿಲ್ಲ. ಮುಂದಿನ ವಾರ ಕೇಳಿದರು. ಇಬ್ಬರಲ್ಲಿ ಒಬ್ಬ ಒಪ್ಪಿದ. ಹತ್ತು ಸಂಗತಿ ಬಲಗಡೆಯೇ ಉಳಿದವು, ಒಂದು ಎಡಕ್ಕೆ ಬಂತು. ಇದನ್ನು ನಾನು ಯಶೋಗಾಥೆಯೆಂದು ಹೇಳುತ್ತಿಲ್ಲ. ಆ ಪ್ರಶ್ನೆ ಬಂದದ್ದು ವೇದಿಕೆಯಿಂದಲ್ಲ, ಪಕ್ಕದ ಕುರ್ಚಿಯಿಂದ ಎಂಬುದನ್ನೂ, ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಇಡೀ ವಾರ ಬೇಕಾಯಿತು ಎಂಬುದನ್ನೂ ತಾವು ಗಮನಿಸಬೇಕೆಂದು ಹೇಳುತ್ತಿದ್ದೇನೆ.

ಈಗ ಮೂರನೆಯ ವಾರದ ವಿಷಯಕ್ಕೆ ಬರುತ್ತೇನೆ. ಶೀರ್ಷಿಕೆಯಲ್ಲಿ ಅದನ್ನು ಹೆಸರಿಸಿದ್ದು ಸುಮ್ಮನೆ ಅಲ್ಲ. ಮೊದಲ ವಾರ ಕುತೂಹಲ ಜನರನ್ನು ಕರೆತರುತ್ತದೆ. ಎರಡನೆಯ ವಾರ ಮೊದಲ ವಾರದ ಹುರುಪು ಕರೆತರುತ್ತದೆ. ಮೂರನೆಯ ವಾರದ ಹೊತ್ತಿಗೆ ಹೊಸತನ ಕಳೆದಿರುತ್ತದೆ, ಫಲ ಇನ್ನೂ ಕಂಡಿರುವುದಿಲ್ಲ, ಮನೆಯಲ್ಲಿ ಮಾಡಬೇಕಾಗಿದ್ದ ಅಭ್ಯಾಸ ತಪ್ಪಿಹೋಗಿರುತ್ತದೆ. ಹೋಂವರ್ಕ್ ಮಾಡದ ಶಾಲಾ ಹುಡುಗನ ನಾಚಿಕೆ ಐವತ್ತು ವರ್ಷದವರನ್ನೂ ಬಿಡುವುದಿಲ್ಲ. ತಪ್ಪಿಸಿಕೊಂಡವರು ತರಗತಿಗೇ ಬರುವುದನ್ನು ನಿಲ್ಲಿಸುತ್ತಾರೆ. ಅಂಥವರಲ್ಲಿ ಹೆಚ್ಚಿನವರು ಒತ್ತಡ ಅತಿಯಾಗಿರುವವರೇ, ಅಂದರೆ ಯಾರಿಗಾಗಿ ತರಗತಿ ತೆರೆದೆವೋ ಅವರೇ. ಆ ವಾರ ಒಂದು ಫೋನ್ ಕರೆ ಮಾಡಬೇಕು. ‘ಅಭ್ಯಾಸ ಮಾಡದಿದ್ದರೂ ಪರವಾಗಿಲ್ಲ, ಬನ್ನಿ, ಈ ಸಲ ಏನು ಅಡ್ಡ ಬಂತು ಎಂಬುದೇ ಪಾಠ’ ಎಂದು ಹೇಳಬೇಕು. ನಾವು ಹೀಗೆ ಕರೆ ಮಾಡಲು ತೊಡಗಿದ ಮೇಲೆ ಖಾಲಿ ಕುರ್ಚಿಗಳು ಕಡಿಮೆಯಾದವು. ಆ ಕರೆಗೆ ತಗಲುವ ಸಮಯವನ್ನು ಯಾವ ಆಯವ್ಯಯ ಪಟ್ಟಿಯಲ್ಲೂ ನಾನು ಈವರೆಗೆ ನೋಡಿಲ್ಲ. ಬ್ಯಾನರಿಗೆ ಹಣವಿರುತ್ತದೆ.

ಅಭ್ಯಾಸ ತಪ್ಪಿಹೋಗುವುದಕ್ಕೂ ಮದ್ದಿದೆ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ನಡೆಸಿಕೊಂಡು ಬಂದ ಅಧ್ಯಯನಗಳ ತಿರುಳು ಹೀಗಿದೆ: ‘ಇನ್ನು ಮೇಲೆ ಮಾಡುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಇಂಥದ್ದು ಆದ ಕೂಡಲೇ ಇಂಥದ್ದನ್ನು ಮಾಡುತ್ತೇನೆ’ ಎಂಬ ಕಟ್ಟುಪಾಡು ಹೆಚ್ಚು ನಡೆಯುತ್ತದೆ. ‘ದಿನಾಲೂ ಉಸಿರಾಟದ ಅಭ್ಯಾಸ ಮಾಡುತ್ತೇನೆ’ ಎಂದು ಬರೆದವರು ಮರೆಯುತ್ತಾರೆ. ‘ಕೆಲಸದಿಂದ ಬಂದು ಬೀಗದ ಕೈಯನ್ನು ಮೊಳೆಗೆ ತೂಗಿಹಾಕಿದ ಕೂಡಲೇ ಅಲ್ಲೇ ನಿಂತು ಹತ್ತು ನಿಧಾನ ಉಸಿರು’ ಎಂದು ಬರೆದವರು ಮರೆಯುವುದು ಕಡಿಮೆ. ಇದನ್ನು ಹೇಳಿಕೊಡಲು ಎರಡು ನಿಮಿಷ ಸಾಕು. ಪ್ರತಿಯೊಬ್ಬರ ಮನೆಯಲ್ಲೂ ಆ ಮೊಳೆ ಯಾವುದೆಂದು ಹುಡುಕಿಸಲು, ಒಮ್ಮೆ ತಪ್ಪಿದ ಮೇಲೆ ಬೇರೆ ಮೊಳೆ ಹುಡುಕಿಸಲು, ವಾರಗಳು ಹಿಡಿಯುತ್ತವೆ.

ಇದು ನನ್ನೊಬ್ಬಳ ಅನಿಸಿಕೆಯೆಂದು ತಾವು ತಳ್ಳಿಹಾಕಬಾರದೆಂದು, ಹೊರಗೆ ನಡೆದಿರುವ ಕೆಲಸಗಳ ಕಡೆಗೂ ತಮ್ಮ ಗಮನ ಸೆಳೆಯುತ್ತೇನೆ. ಜಾನ್ ಕಬತ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಆರಂಭಿಸಿದ, ಸಾವಧಾನವನ್ನು (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಗಮನವಿಟ್ಟು ನೋಡುವುದನ್ನು) ಆಧರಿಸಿದ ತರಗತಿ ಎಂಟು ವಾರಗಳದು. ವಾರಕ್ಕೆ ಸುಮಾರು ಎರಡೂವರೆ ಗಂಟೆ, ನಡುವೆ ಒಂದು ಇಡೀ ದಿನದ ಅಭ್ಯಾಸ, ಮೇಲಾಗಿ ಮನೆಯಲ್ಲಿ ದಿನಾಲೂ ಮುಕ್ಕಾಲು ಗಂಟೆ. ಅಷ್ಟು ಸಮಯ ಎಲ್ಲರಿಗೂ ಇರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿರುವ ಐದೇ ಕೂಟಗಳ ಪಾಠವೊಂದು ಅದಕ್ಕೆ ಉತ್ತರವಾಗಬಲ್ಲದು. ಮೊದಲೇ ಧ್ವನಿಮುದ್ರಿಸಿದ ಪಾಠ, ಓದಲು ಬಾರದವರಿಗೂ ಅರ್ಥವಾಗುವ ಚಿತ್ರಗಳ ಪುಸ್ತಕ, ಪ್ರತಿ ಕೂಟಕ್ಕೆ ಸುಮಾರು ಎರಡು ಗಂಟೆ, ಒಂದು ಗುಂಪಿನಲ್ಲಿ 30 ಜನರವರೆಗೆ. ನಡೆಸಿಕೊಡುವವರು ತಜ್ಞರಾಗಬೇಕಿಲ್ಲ, ಅಲ್ಪಾವಧಿ ತರಬೇತಿ ಪಡೆದ ಸ್ಥಳೀಯರಾದರೆ ಸಾಕು. ಉಗಾಂಡದಲ್ಲಿ ಆಶ್ರಯ ಪಡೆದಿದ್ದ ದಕ್ಷಿಣ ಸುಡಾನಿನ 694 ನಿರಾಶ್ರಿತ ಮಹಿಳೆಯರ ನಡುವೆ ಇದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಪಾಠ ಮುಗಿದು ಮೂರು ತಿಂಗಳಾದ ಮೇಲೂ ಮಾನಸಿಕ ಸಂಕಟ ತಗ್ಗಿದ್ದು ಕಂಡಿತು. ತಗ್ಗಿದ ಪ್ರಮಾಣ ಬಹಳ ದೊಡ್ಡದೇನಲ್ಲ. ಆದರೆ ಯುದ್ಧದಿಂದ ಊರು ಬಿಟ್ಟು ಬಂದವರಲ್ಲಿ, ಐದು ಕೂಟಗಳಿಂದ, ಮೂರು ತಿಂಗಳು ಉಳಿದ ಫಲವದು.

ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಹದಿನಾಲ್ಕು ಮಂದಿ ಅಜ್ಜಿಯರೊಂದಿಗೆ ಶುರುಮಾಡಿದ ಕೆಲಸವೂ ಇದೇ ಜಾಡಿನದು. ಆರೋಗ್ಯ ಕೇಂದ್ರದ ಅಂಗಳದಲ್ಲಿ ಒಂದು ಮರದ ಬೆಂಚು, ಅದರ ಮೇಲೆ ಸಮುದಾಯದ ಹಿರಿಯ ಆರೋಗ್ಯ ಕಾರ್ಯಕರ್ತೆ, ಪಕ್ಕದಲ್ಲಿ ಕಷ್ಟದಲ್ಲಿರುವವರು. ಸಮಸ್ಯೆಗಳನ್ನು ಪಟ್ಟಿಮಾಡಿ, ಒಂದನ್ನು ಆರಿಸಿ, ಅದಕ್ಕೆ ಮಾಡಬಹುದಾದದ್ದನ್ನು ಯೋಚಿಸಿ, ಹೋಗಿ ಮಾಡಿ ಬಂದು ಹೇಳುವುದು. 24 ಕೇಂದ್ರಗಳ 573 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಹೊರಬಂದಾಗ, ಆರು ತಿಂಗಳ ನಂತರ ಬೆಂಚಿನಲ್ಲಿ ಕೂತು ಮಾತಾಡಿದವರ ಮಾನಸಿಕ ಸಂಕಟದ ಲಕ್ಷಣಗಳು ಮಾಮೂಲು ಆರೈಕೆ ಪಡೆದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿದ್ದವು. ಬೆಂಚು ನಮ್ಮ ತರಗತಿಯಂತಲ್ಲ, ಒಬ್ಬರಿಗೊಬ್ಬರು ಕೂತು ಮಾತಾಡುವುದು. ಆದರೂ ‘ಹೋಗಿ ಮಾಡಿ ಬಂದು ಹೇಳುವುದು’ ಎಂಬ ಭಾಗವನ್ನು ತಾವು ನೋಡಬೇಕು. ಮತ್ತೆ ಬರಲು ಒಂದು ದಿನ ಗೊತ್ತುಮಾಡದಿದ್ದರೆ ಅದು ಆಗುವುದೇ ಇಲ್ಲ.

ಉಪನ್ಯಾಸವನ್ನು ನಾನು ಪೂರ್ತಿ ಜರೆಯುತ್ತಿದ್ದೇನೆಂದು ಭಾವಿಸಬಾರದು. ಗ್ಲಾಸ್ಗೋದ ಮನೋವಿಜ್ಞಾನಿ ಜಿಮ್ ವೈಟ್ ಬೆಳೆಸಿದ ಆರು ಕೂಟಗಳ ತರಗತಿ ನೋಡಲು ಉಪನ್ಯಾಸವೇ: ದೊಡ್ಡ ಸಭಾಂಗಣ, ಹತ್ತಾರು, ಕೆಲವೊಮ್ಮೆ ನೂರಕ್ಕೂ ಮೀರಿದ ಜನ, ಯಾರೂ ತಮ್ಮ ಕಷ್ಟ ಹೇಳಿಕೊಳ್ಳಬೇಕಿಲ್ಲ ಎಂಬ ಖಚಿತ ನಿಯಮ. ಹತ್ತು ಜನರ ಎದುರು ಬಾಯಿ ಬಿಡಲು ಹಿಂಜರಿಯುವವರು ನೂರು ಜನರ ನಡುವೆ ನಿಶ್ಚಿಂತೆಯಿಂದ ಬಂದು ಕೂರುತ್ತಾರೆ. ಇದು ಜಾಣ ಏರ್ಪಾಡು, ನಮ್ಮಂಥವರು ಕಲಿಯಬೇಕಾದದ್ದು. ಆದರೆ ಅಲ್ಲಿಯೂ ಪಾಠ ಆರು ವಾರಗಳದು, ಕೈಯಲ್ಲಿ ಅಭ್ಯಾಸದ ಪುಸ್ತಿಕೆ ಇರುತ್ತದೆ, ಮುಂದಿನ ವಾರ ಮತ್ತೆ ಬರಬೇಕಾಗಿರುತ್ತದೆ. ನನ್ನ ತಕರಾರು ಮಾತಿನ ಮೇಲಲ್ಲ. ಒಂದೇ ದಿನಕ್ಕೆ ಮುಗಿದುಹೋಗುವ ಮಾತಿನ ಮೇಲೆ.

ಬೋಧಕರ ಆಯ್ಕೆಯ ಬಗ್ಗೆ ಎರಡು ಮಾತು. ಹೆಸರಾಂತ ಸಂಪನ್ಮೂಲ ವ್ಯಕ್ತಿಯನ್ನು ಒಂದು ದಿನ ಕರೆಸುವ ಹಣದಲ್ಲಿ ಸ್ಥಳೀಯರಿಬ್ಬರಿಗೆ ಸರಿಯಾದ ತರಬೇತಿ ಕೊಡಬಹುದು, ತಿಂಗಳಿಗೊಮ್ಮೆ ಅವರ ಕೆಲಸವನ್ನು ಪರಿಶೀಲಿಸಿ ತಿದ್ದುವ ಮನೋವಿಜ್ಞಾನಿಯೊಬ್ಬರನ್ನೂ ಗೊತ್ತುಮಾಡಬಹುದು. ಈ ಎರಡನೆಯದನ್ನು ಕೈಬಿಟ್ಟು ಮೊದಲನೆಯದನ್ನಷ್ಟೇ ಮಾಡಬೇಡಿ. ಒಳ್ಳೆಯ ಮನಸ್ಸೊಂದಿದ್ದರೆ ಸಾಲದು; ನಾನು ಸಹಾಯಕಿಯಾದ ಮೊದಲ ದಿನಗಳಲ್ಲಿ ಮಾಡಿದ ತಪ್ಪನ್ನೇ ಹೇಳುತ್ತೇನೆ. ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ ಎಂದು ನಾನು ಒತ್ತಾಯಿಸುತ್ತಿದ್ದೆ. ಒಬ್ಬರು ಕಣ್ಣು ಮುಚ್ಚಿದ ಕೂಡಲೇ ಬೆವರಿ, ಉಸಿರು ಸಿಕ್ಕಿಕೊಂಡಂತಾಗಿ ಎದ್ದು ಹೊರಗೆ ಹೋದರು. ವಿಶ್ರಾಂತಿಯ ಅಭ್ಯಾಸವೇ ಕೆಲವರಲ್ಲಿ ಆತಂಕ ಎಬ್ಬಿಸುವುದು ತಿಳಿದ ವಿಷಯ. ಹಿಂದೆ ಆಘಾತಕ್ಕೆ ಒಳಗಾದವರಿಗೆ ಕಣ್ಣು ಮುಚ್ಚಿ ಕೂರುವುದೇ ಕಷ್ಟವಾಗಬಹುದು. ಕಣ್ಣು ತೆರೆದೇ ಇರಲಿ, ಎದುರಿನ ನೆಲದ ಒಂದು ಚುಕ್ಕೆ ನೋಡಿ, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ, ಬೇಡವೆನಿಸಿದರೆ ಸುಮ್ಮನೆ ಕೂತಿರಿ ಎಂದು ಹೇಳಲು ನನಗೆ ಮೇಲಿನವರೊಬ್ಬರು ಕಲಿಸಬೇಕಾಯಿತು.

ಅದೇ ರೀತಿ, ದುರಂತವೊಂದು ನಡೆದ ಮರುದಿನವೇ ಜನರನ್ನು ಒಟ್ಟು ಸೇರಿಸಿ, ನಡೆದದ್ದನ್ನೆಲ್ಲ ಒಂದೇ ಕೂಟದಲ್ಲಿ ಹೇಳಿಸಿ ‘ಮನಸ್ಸು ಹಗುರ ಮಾಡಿಸುವ’ ಪದ್ಧತಿ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು. ಪರೀಕ್ಷಿಸಿ ನೋಡಿದಾಗ ಅದು ಮುಂದಿನ ಆಘಾತೋತ್ತರ ತೊಂದರೆಯನ್ನು ತಡೆಯುವುದಿಲ್ಲವೆಂದೂ ಕೆಲವರಿಗೆ ಕೆಡುಕನ್ನೇ ಮಾಡಬಹುದೆಂದೂ ಕಂಡುಬಂದು, ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಬಳಸಬೇಡಿ ಎಂದು ಹೇಳಿದೆ. ಸಮುದಾಯದ ತರಗತಿ ಚಿಕಿತ್ಸೆಯಲ್ಲ. ವಾರಗಟ್ಟಲೆ ನಿದ್ದೆ ಬಾರದವರು, ಬದುಕಿ ಪ್ರಯೋಜನವಿಲ್ಲ ಎನ್ನುವವರು, ಕುಡಿತದಲ್ಲಿ ಮುಳುಗಿದವರು ಬಂದಾಗ ಅವರನ್ನು ಎಲ್ಲಿಗೆ, ಯಾರ ಬಳಿಗೆ, ಯಾವ ದಿನ ಕರೆದೊಯ್ಯಬೇಕೆಂಬುದು ತರಗತಿ ಆರಂಭವಾಗುವ ಮೊದಲೇ ಬರವಣಿಗೆಯಲ್ಲಿ ಗೊತ್ತಾಗಿರಬೇಕು. ಬೋಧಕರು ಆ ಕ್ಷಣದಲ್ಲಿ ಫೋನ್ ನಂಬರು ಹುಡುಕುತ್ತ ಕೂರುವಂತಾಗಬಾರದು.

ಇನ್ನು ತಮಗೆ ಅಷ್ಟಾಗಿ ರುಚಿಸದ ಒಂದು ವಿಷಯ. ಒತ್ತಡ ನಿರ್ವಹಣೆಯ ತರಗತಿಯನ್ನು ಒತ್ತಡದ ಕಾರಣಗಳಿಗೆ ಮುಸುಕು ಹಾಕಲು ಬಳಸಿಕೊಳ್ಳುವವರಿದ್ದಾರೆ. ಲಂಡನ್ನಿನ ಸರ್ಕಾರಿ ನೌಕರರನ್ನು ಕುರಿತ ವೈಟ್‌ಹಾಲ್ ಅಧ್ಯಯನಗಳು ದಶಕಗಳ ಕಾಲ ತೋರಿಸಿಕೊಟ್ಟದ್ದೇನು? ದರ್ಜೆ ಇಳಿದಂತೆ ಹೃದ್ರೋಗ ಏರುತ್ತದೆ; ಎಲ್ಲರೂ ಅಂದುಕೊಂಡಂತೆ ದೊಡ್ಡ ಹುದ್ದೆಯವರಿಗಲ್ಲ, ತಮ್ಮ ಕೆಲಸದ ಮೇಲೆ ಹಿಡಿತವಿಲ್ಲದ ಕೆಳಗಿನವರಿಗೆ ಅದು ಹೆಚ್ಚು. 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನದಲ್ಲಿದ್ದವರು 10,308 ಜನ. ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಉತ್ತರಗಳನ್ನು ಪರಿಶೀಲಿಸಿ ಸಂಶೋಧಕ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇನ್ನೂ ನೇರವಾಗಿದೆ: ಕಚೇರಿಗಳು ಒದಗಿಸುವ ಕಷ್ಟ ತಾಳಿಕೊಂಡು ಚೇತರಿಸಿಕೊಳ್ಳುವುದನ್ನು ಕಲಿಸುವ ತರಬೇತಿ, ಒತ್ತಡ ನಿರ್ವಹಣೆಯ ಪಾಠ, ವಿಶ್ರಾಂತಿಯ ಆ್ಯಪ್ ಮೊದಲಾದವುಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಉತ್ತಮ ಸ್ಥಿತಿಯಲ್ಲಿದ್ದಂತೆ ಕಾಣಲಿಲ್ಲ. ತರಗತಿಗಳ ಪರವಾಗಿ ಪತ್ರ ಬರೆಯುತ್ತಿರುವ ನಾನೇ ಇದನ್ನು ಏಕೆ ಎತ್ತುತ್ತಿದ್ದೇನೆಂದರೆ, ಇದನ್ನು ಮುಚ್ಚಿಟ್ಟರೆ ಕಲಿಯಲು ಬಂದವರಿಗೆ ಮೋಸವಾಗುತ್ತದೆ. ಹನ್ನೆರಡು ಗಂಟೆ ದುಡಿಸಿಕೊಂಡು ಹದಿಮೂರನೆಯ ಗಂಟೆಯಲ್ಲಿ ಉಸಿರಾಟ ಕಲಿಸುವುದು ಗಾಯದ ಮೇಲೆ ಬರೆ ಎಳೆದಂತೆಯೇ. ಹಾಳೆಯ ಎಡಗಡೆಯಲ್ಲಿ ‘ಪಾಳಿ ಬದಲಿಸಲು ಒಟ್ಟಾಗಿ ಕೇಳುವುದು’, ‘ಬಾಡಿಗೆ ಕರಾರನ್ನು ತಿಳಿದವರಿಗೆ ತೋರಿಸುವುದು’, ‘ಸಾಲದ ಕಂತು ಮುಂದೂಡಲು ಅರ್ಜಿ ಕೊಡುವುದು’ ಎಂಬುವೂ ಬರಬೇಕು. ಅದಕ್ಕೆ ಬೇಕಾದ ಮಾಹಿತಿ ತಿಳಿದವರನ್ನು ಒಂದು ವಾರ ತರಗತಿಗೆ ಕರೆಸಬೇಕು. ಸಮುದಾಯದ ತರಗತಿ ಯಾವ ಮಾಲೀಕನದೂ ಅಲ್ಲದ ಕಾರಣ ಅಲ್ಲಿ ಮಾತ್ರ ಇದು ಸಾಧ್ಯ. ಅದೇ ಅದರ ದೊಡ್ಡ ಬಲ ಎಂದು ನನ್ನ ಅಭಿಪ್ರಾಯ.

ಸೂಚನಾ ಫಲಕದಲ್ಲಿ ಬರೆಯುವ ಹೆಸರನ್ನೂ ಸ್ವಲ್ಪ ಯೋಚಿಸಿ. ‘ಮಾನಸಿಕ ಆರೋಗ್ಯ ಶಿಬಿರ’ ಎಂದರೆ ನೆರೆಯವರು ನೋಡಿಯಾರು ಎಂದು ಜನ ಒಳಗೆ ಕಾಲಿಡುವುದಿಲ್ಲ. ‘ಚೆನ್ನಾಗಿ ನಿದ್ದೆ ಮಾಡುವುದು ಹೇಗೆ’ ಎಂದರೆ ಬರುತ್ತಾರೆ. ಸಮಯವನ್ನೂ ಹಾಗೆಯೇ ಯೋಚಿಸಬೇಕು: ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟ ತರಗತಿಗೆ ಬರಲು ಸಾಧ್ಯವಾಗುವವರಿಗೆ ಆ ತರಗತಿಯ ಅಗತ್ಯ ಅಷ್ಟಿರುವುದಿಲ್ಲ. ಮಕ್ಕಳನ್ನೋ ವೃದ್ಧರನ್ನೋ ಒಂಟಿಯಾಗಿ ಬಿಟ್ಟು ಬರಲಾಗದವರಿಗೆ ಪಕ್ಕದ ಕೊಠಡಿಯಲ್ಲಿ ನೋಡಿಕೊಳ್ಳುವವರೊಬ್ಬರು ಬೇಕು.

ಕೊನೆಯದಾಗಿ ಅಳೆಯುವ ವಿಚಾರ, ಏಕೆಂದರೆ ತಾವು ಏನನ್ನು ಅಳೆಯುತ್ತೀರೋ ನಾವು ಅದನ್ನೇ ಮಾಡುತ್ತೇವೆ. ಬಂದವರ ತಲೆ ಎಣಿಸಿದರೆ ನಾವು ಸಭಾಂಗಣ ತುಂಬಿಸುತ್ತೇವೆ. ಮನೋವಿಜ್ಞಾನಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ರೂಪಿಸಿದ ಒತ್ತಡದ ಅಳತೆಪಟ್ಟಿಯ ಹತ್ತು ಪ್ರಶ್ನೆಗಳ ರೂಪ ತುಂಬಲು ಐದು ನಿಮಿಷವೂ ಹಿಡಿಯುವುದಿಲ್ಲ. ಕಳೆದ ಒಂದು ತಿಂಗಳಲ್ಲಿ ಸಂಗತಿಗಳು ಕೈಮೀರಿದಂತೆ ಎಷ್ಟು ಸಲ ಅನ್ನಿಸಿತು ಎಂಬಂಥ ಪ್ರಶ್ನೆಗಳು. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ, ಒಟ್ಟು 40. ಅದು ರೋಗ ಪತ್ತೆಯ ಸಾಧನವಲ್ಲ, ಆ ಅಂಕದಿಂದ ಯಾರಿಗೂ ಹಣೆಪಟ್ಟಿ ಅಂಟಿಸಬಾರದು. ಮೊದಲ ವಾರ, ಕೊನೆಯ ವಾರ ಮತ್ತು ತರಗತಿ ಮುಗಿದ ಮೂರು ತಿಂಗಳ ನಂತರ, ಹೀಗೆ ಮೂರು ಸಲ ಕೇಳಿ, ಹೆಸರಿಲ್ಲದೆ ಒಟ್ಟುಗೂಡಿಸಿದರೆ ನಮ್ಮ ಕೆಲಸ ಎಷ್ಟು ಫಲಿಸಿತೆಂದು ತಮಗೂ ನಮಗೂ ತಿಳಿಯುತ್ತದೆ. ಅಂಕ ಇಳಿಯದಿದ್ದರೆ ಅದನ್ನೂ ವರದಿಯಲ್ಲಿ ಹಾಗೆಯೇ ಬರೆಯಲು ನಮಗೆ ಅವಕಾಶವಿರಲಿ. ಇಳಿಯದ ಅಂಕ ಬರೆದವರ ಮುಂದಿನ ವರ್ಷದ ಹಣ ನಿಂತುಹೋಗುವ ಭಯವಿದ್ದರೆ ಯಾರೂ ನಿಜ ಬರೆಯುವುದಿಲ್ಲ.

ಆದ್ದರಿಂದ ಮುಂದಿನ ವರ್ಷದ ಯೋಜನೆಯಲ್ಲಿ ಹತ್ತು ಕಡೆ ಒಂದೊಂದು ದಿನದ ಕಾರ್ಯಕ್ರಮ ಇಡುವ ಬದಲು ಎರಡು ಕಡೆ ಆರರಿಂದ ಎಂಟು ವಾರದ ತರಗತಿ ಇಡಿ ಎಂದು ಕೇಳಿಕೊಳ್ಳುತ್ತೇನೆ. ಫಲಾನುಭವಿಗಳ ಸಂಖ್ಯೆ ವರದಿಯಲ್ಲಿ ಕಡಿಮೆ ಕಾಣುತ್ತದೆ. ಆ ಮಾತನ್ನು ಮೇಲಿನವರಿಗೆ ವಿವರಿಸುವ ಹೊಣೆ ತಮ್ಮದಾಗುತ್ತದೆ ಎಂಬುದೂ ನನಗೆ ಗೊತ್ತು. ಹಾಜರಾತಿ ಪುಸ್ತಕದಲ್ಲಿ ‘ಮೂರನೆಯ ವಾರ ಫೋನ್ ಮಾಡಲಾಗಿದೆಯೇ’ ಎಂಬ ಒಂದು ಕಾಲಂ ಸೇರಿಸಿ, ಆ ಕೆಲಸಕ್ಕೆ ಅರ್ಧ ದಿನದ ಸಂಭಾವನೆಯನ್ನು ಬೇರೆಯಾಗಿಯೇ ನಮೂದಿಸಿ. ಮತ್ತು ಉದ್ಘಾಟನೆಗೆ ಬರುವ ಬದಲು ತಾವು ಮೂರನೆಯ ವಾರಕ್ಕೆ ಬನ್ನಿ. ವೇದಿಕೆ ಇರುವುದಿಲ್ಲ, ಎಲ್ಲರ ಜೊತೆ ಕುರ್ಚಿಯಲ್ಲಿ ಕೂರಬೇಕಾಗುತ್ತದೆ. ‘ಮುಷ್ಟಿ ಬಿಗಿಹಿಡಿಯಿರಿ, ಈಗ ಬಿಡಿ’ ಎಂದಾಗ ತಮ್ಮ ಹೆಗಲು ಎಲ್ಲಿ ನಿಂತಿದೆ ಎಂದು ನಾನು ಬಂದು ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಮುದಾಯ ತರಗತಿಯೊಂದರ ಸಹಾಯಕ ಬೋಧಕಿ